ಇಳಿಯುವಾಗ ಯಾರು ಮೊದಲು?

ನಮ್ಮ ಸೈಕಲ್ ಗುಂಪಿನಲ್ಲಿ ಗುಡ್ಡ ಹತ್ತುವುದರಲ್ಲಿ ಎಲ್ಲರಿಗಿಂತ ಗಟ್ಟಿ ಇರುವವನೇ ಇಳಿಯುವಾಗ ಎಲ್ಲರಿಗಿಂತ ಜಾಸ್ತಿ ನಡುಗುತ್ತಾನೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋದಾಗಲೆಲ್ಲ ಹೀಗೇ ಆಗುತ್ತಿತ್ತು. ಮೊದಮೊದಲು ನಾವದನ್ನು ಅವನ ಮೈಕಟ್ಟಿಗೆ ಹಚ್ಚಿದೆವು. ಸಣ್ಣ ಆಳು, ಮೈಮೇಲೆ ಮಾಂಸ ಇಲ್ಲ, ಚಳಿ ಹತ್ತದೆ ಇರುತ್ತಾ ಅಂತ. ಅದರಲ್ಲಿ ಅರ್ಧ ನಿಜ ಇದೆ. ಉಳಿದ ಅರ್ಧ ತಿಳಿಯಲು ನಮಗೆ ಬಹಳ ಕಾಲ ಹಿಡಿಯಿತು. ಅದು ನಾವು ಒಬ್ಬರಿಗೊಬ್ಬರು ಕಾಯುವ ರೀತಿಯಲ್ಲೇ ಇತ್ತು. ಅಂದಿನಿಂದ ಈ ವಿಷಯ ತಲೆಯಲ್ಲಿ ಸುತ್ತುತ್ತಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಪ್ರಾಥಮಿಕ ಶಾಲೆಯ ಮಾಸ್ತರ. ಗುಂಪಿನಲ್ಲಿ ಎಲ್ಲರೂ ಅವನನ್ನು ಮಾಸ್ತರ ಅಂತಲೇ ಕರೆಯುವುದು. ಇನ್ನೊಬ್ಬ ದನದ ಡಾಕ್ಟರ್, ತೊಂಬತ್ತು ಕೆ.ಜಿ. ದಾಟಿದ ಆಳು. ಮೂರನೆಯವನ ಮನೆ ಬೆಟಗೇರಿಯಲ್ಲಿ, ಮನೆಯೊಳಗೇ ಮಗ್ಗ. ನಾನು ಹುಬ್ಬಳ್ಳಿಯವನು. ಹಿಂದಿನ ಸಂಜೆಯೇ ಎಲ್ಲರೂ ಬೆಟಗೇರಿ ಮನೆಗೆ ಸೇರುತ್ತೇವೆ. ಗೆಳೆಯನ ಅವ್ವ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಬುತ್ತಿ ಕಟ್ಟಿ ಇಟ್ಟಿರುತ್ತಾರೆ. ಇನ್ನೂ ಕತ್ತಲಿರುವಾಗಲೇ ಹೊರಟರೆ, ಸುಮಾರು 20 ಕಿ.ಮೀ. ದೂರದ ಡಂಬಳ ದಾಟಿ, ಡೋಣಿ ಹತ್ತಿರ ಬರುವಷ್ಟರಲ್ಲಿ ಮೂಡಣ ಕೆಂಪಾಗಿರುತ್ತದೆ. ಅರಣ್ಯ ಇಲಾಖೆಯವರಿಗೆ ಹೇಳಿ, ಬೆಳಕು ಹರಿದ ಮೇಲೆಯೇ ಗುಡ್ಡ ಹತ್ತುತ್ತೇವೆ. ಅದು ತೋಳ, ಚಿರತೆ, ಕತ್ತೆಕಿರುಬ ಓಡಾಡುವ ಜಾಗ. ಅವುಗಳ ಹೊತ್ತು ಅವಕ್ಕೆ ಬಿಡಬೇಕು, ಅಲ್ವಾ?

ಕೆಳಗೇ ಥಂಡಿ

ಎತ್ತರಕ್ಕೆ ಹೋದಷ್ಟೂ ಚಳಿ ಹೆಚ್ಚು ಅಂತ ಶಾಲೆಯಲ್ಲಿ ಓದಿದ್ದೇವೆ. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಅಂತ ಲೆಕ್ಕವೂ ಬಾಯಿಪಾಠ ಇದೆ. ಚಳಿಗಾಲದ ನಸುಕಿನಲ್ಲಿ ನಮ್ಮ ಕಡೆ ಅದು ತಿರುವುಮುರುವು ಆಗುತ್ತದೆ. ಮೋಡ ಇಲ್ಲದ ರಾತ್ರಿ ಎರಿ ಹೊಲ ಹಗಲೆಲ್ಲ ಕುಡಿದ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ಗುಡ್ಡದ ಮೈಯಿಂದ ಜಾರಿ ತಗ್ಗಿಗೆ, ಹಳ್ಳಕ್ಕೆ, ಕೆರೆಯಂಗಳಕ್ಕೆ ಬಂದು ನಿಲ್ಲುತ್ತದೆ. ಅದಕ್ಕೇ ಡಂಬಳದ ಕೆರೆ ಹತ್ತಿರ ಬರುತ್ತಿದ್ದಂತೆ ಒಮ್ಮೆಗೇ ಮೊಣಕಾಲು ಜುಂ ಅನ್ನುತ್ತದೆ. ದಿಬ್ಬ ಹತ್ತಿದರೆ ಗಾಳಿ ಸ್ವಲ್ಪ ಬೆಚ್ಚಗೆ, ಮತ್ತೆ ಹಳ್ಳಕ್ಕೆ ಇಳಿದರೆ ಮತ್ತೆ ಥಂಡಿ. ಕಾರಿನಲ್ಲಿ ಹೋಗುವವರಿಗೆ ಈ ಸಣ್ಣ ಏರಿಳಿತ ತಿಳಿಯುವುದೇ ಇಲ್ಲ. ಸೈಕಲ್ ಮೇಲೆ ಕುಳಿತವನಿಗೆ ಕಣ್ಣುಮುಚ್ಚಿದರೂ ಹಳ್ಳ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಆ ಹೊತ್ತಿನ ಹೊಲಗಳು ನನಗೆ ಬಹಳ ಇಷ್ಟ. ಒಂದು ಕಡೆ ಬಿಳಿಜೋಳ ಎದೆಮಟ್ಟ ನಿಂತಿರುತ್ತದೆ. ಇನ್ನೊಂದು ಕಡೆ ಕಡ್ಲಿ. ಕಡ್ಲಿ ಗಿಡದ ಎಲೆ ತಾನೇ ಹುಳಿ ಬಿಡುತ್ತದೆ, ಇಬ್ಬನಿ ಅದರ ಜೊತೆ ಸೇರುತ್ತದೆ. ನಸುಕಿನಲ್ಲಿ ಗಿಡದ ಮೇಲೆ ಬಟ್ಟೆ ಹಾಸಿ ಆ ಹುಳಿಯನ್ನು ಹಿಂಡಿ ಇಟ್ಟುಕೊಳ್ಳುವ ರೂಢಿ ನಮ್ಮ ಕಡೆ ಇತ್ತು. ಹೊಟ್ಟೆನೋವಿಗೆ ಕೊಡುತ್ತಿದ್ದರು. ನಾವು ಹೊಲದ ಬದುವಿನಲ್ಲಿ ಸೈಕಲ್ ನಿಲ್ಲಿಸಿದಾಗ ಬೆಟಗೇರಿಯವನು ಇವತ್ತಿಗೂ ಒಂದು ಎಲೆ ನೆಕ್ಕಿಯೇ ಮುಂದೆ ಹೋಗುವುದು.

ಮಂಜು ಬಿದ್ದ ದಿನವಾದರೆ ಗುಡ್ಡದ ಅರ್ಧಕ್ಕೆ ಬಂದ ಮೇಲೆ ಬಿಸಿಲು ಸಿಗುತ್ತದೆ. ಕೆಳಗೆ ಬಯಲೆಲ್ಲ ಬೆಳ್ಳಗೆ ಮುಚ್ಚಿರುತ್ತದೆ, ಮೇಲೆ ಗಾಳಿಯಂತ್ರದ ರೆಕ್ಕೆಗಳು ಹೊಳೆಯುತ್ತಿರುತ್ತವೆ. ಗಾಳಿಗುಂಡಿ ಬಸವಣ್ಣನ ಹತ್ತಿರ ನಿಂತರೆ ಬೆನ್ನಿಗೆ ಬಿಸಿಲು, ಎದೆಗೆ ಗಾಳಿ. ಥರ್ಮಾಮೀಟರ್ ಹಿಡಿದರೆ ಕೆಳಗಿಗಿಂತ ಮೇಲೇ ಒಂದೆರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಹಾಗಾಗಿ ಇಳಿಯುವುದು ಅಂದರೆ ನಮಗೆ ಬಿಸಿಲಿನಿಂದ ಥಂಡಿಗೆ ಇಳಿಯುವುದು. ಅದೂ ಒದ್ದೆ ಥಂಡಿಗೆ.

ಈ ರಸ್ತೆಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಇಳಿಜಾರಿನಲ್ಲಿ ನಮ್ಮ ಎದುರಿಗೆ ಅದಿರು ತುಂಬಿದ ಲಾರಿ ಬರುವುದಿಲ್ಲ. ಬರಬಹುದಿತ್ತು. ಗುಡ್ಡಕ್ಕೆ ಸಿಕ್ಕಿದ್ದ ಸಂರಕ್ಷಣೆಯನ್ನು 2016ರಲ್ಲಿ ಹಿಂದಕ್ಕೆ ಪಡೆದಾಗ ಗದಗಿನ ಜನ ಸುಮ್ನೆ ಕೂರಲಿಲ್ಲ. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2017ರಲ್ಲಿ ಅದು ವಾಪಸ್ ಬಂತು, 2019ರಲ್ಲಿ ಸುಮಾರು 244 ಚದರ ಕಿ.ಮೀ. ಕಾಡು ವನ್ಯಜೀವಿಧಾಮ ಆಯಿತು. ಬರೀ ಗಾಳಿಯ ಸದ್ದು ಕೇಳುತ್ತಾ ಇಳಿಯುವಾಗ ಆ ಜನರ ಋಣ ನನಗೆ ನೆನಪಾಗುತ್ತದೆ.

ಹತ್ತುವ ಸಾಲು, ಇಳಿಯುವ ಸಾಲು

ಹತ್ತುವಾಗ ಮಾಸ್ತರ ಮುಂದೆ, ಡಾಕ್ಟರ್ ಹಿಂದೆ. ಯಾವಾಗಲೂ. ಏರಿನಲ್ಲಿ ನಮ್ಮ ತೂಕವನ್ನು ನಾವೇ ಹೊತ್ತುಕೊಂಡು ಹೋಗಬೇಕು, ಹಗುರ ಇದ್ದವನಿಗೆ ಸಲೀಸು. ಇಳಿಯುವಾಗ ಸಾಲು ಪೂರಾ ಉಲ್ಟಾ ಆಗುತ್ತದೆ. ಕೆಳಗೆ ಎಳೆಯುವ ಶಕ್ತಿ ತೂಕದಷ್ಟೇ ಹೆಚ್ಚುತ್ತದೆ. ಎದುರು ತಡೆಯುವ ಗಾಳಿ ಮಾತ್ರ ಮೈಯ ಅಗಲ ನೋಡಿ ತಡೆಯುತ್ತದೆ, ತೂಕ ನೋಡುವುದಿಲ್ಲ. ಡಾಕ್ಟರ್ ಮಾಸ್ತರನಿಗಿಂತ ತೂಕದಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು, ಅಗಲದಲ್ಲಿ ಅಷ್ಟಿಲ್ಲ. ಹಾಗಾಗಿ ಪೆಡಲ್ ತುಳಿಯದೆಯೇ ಅವನು ಮುಂದೆ ಹೋಗುತ್ತಾನೆ. ಮಾಸ್ತರ ಹಿಂದೆ ಉಳಿಯುತ್ತಾನೆ.

ಇಳಿಯುವಾಗ ಮೈ ಬಿಸಿಯಾಗುವುದೂ ಇಲ್ಲ. ಏರಿನಲ್ಲಿ ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಬಿಸಿ. ಅದಕ್ಕೇ ಡಿಸೆಂಬರ್‌ನಲ್ಲೂ ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ಇಳಿಯಲು ಶುರು ಮಾಡಿದ ಕೂಡಲೇ ಆ ಒಲೆ ಆರಿಹೋಗುತ್ತದೆ. ಅದೇ ಹೊತ್ತಿಗೆ ಗಾಳಿ ಜೋರಾಗುತ್ತದೆ. ಕೆನಡಾ ಮತ್ತು ಅಮೆರಿಕದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಲೆಕ್ಕದಲ್ಲಿ ನೋಡಿದರೆ, 10 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬಡಿದರೆ ಮುಖಕ್ಕೆ ಅದು 6 ಡಿಗ್ರಿಯಷ್ಟು ತಣ್ಣಗೆ ಅನಿಸುತ್ತದೆ. ಇದು ಒಣ ಚರ್ಮದ ಮಾತು. ಅಂಗಿ ಒದ್ದೆ ಇದ್ದರೆ ಕಥೆಯೇ ಬೇರೆ. ಒಂದು ಗ್ರಾಂ ಬೆವರು ಆರಬೇಕಾದರೆ ಸುಮಾರು 2.4 ಕಿಲೋಜೂಲ್ ಬಿಸಿ ಬೇಕು, ಅದನ್ನು ಅದು ಮೈಯಿಂದಲೇ ಕಿತ್ತುಕೊಳ್ಳುತ್ತದೆ.

ಇಷ್ಟೆಲ್ಲ ನಮಗೆ ಬಿಡಿಬಿಡಿಯಾಗಿ ಗೊತ್ತಿತ್ತು. ಇವನ್ನು ಒಟ್ಟಿಗೆ ಇಟ್ಟು ನೋಡುವಂತೆ ಮಾಡಿದ್ದು ಒಬ್ಬ ಕುರಿ ಕಾಯುವ ಅಜ್ಜ.

ಕಂಬಳಿಯೊಳಗಿನ ಮಾಸ್ತರ

ಎಳ್ಳ ಅಮವಾಸಿ ಹತ್ತಿರದ ದಿನ. ಮಂಜು ಎಷ್ಟು ದಟ್ಟ ಇತ್ತೆಂದರೆ ಮುಂದಿನ ಸೈಕಲ್ಲಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಂದಿನಂತೆ ಮಾಸ್ತರ ಮೊದಲು ಮೇಲೆ ಮುಟ್ಟಿದ. ಎಂದಿನಂತೆ ನಮಗಾಗಿ ಕಾಯ್ದ. ಬೆಟಗೇರಿಯವನು ಬಂದ, ನಾನು ಬಂದೆ, ಡಾಕ್ಟರ್ ಕೊನೆಗೆ ಬಂದ. ಅವನು ಬಂದ ಮೇಲೆ ಅವನ ದಣಿವು ಆರಲಿ ಅಂತ ಮತ್ತಷ್ಟು ಹೊತ್ತು. ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು, ಬಸವಣ್ಣನಿಗೆ ಕೈ ಮುಗಿದೆವು, ಮಂಜಿನ ಮೇಲೆ ಎದ್ದು ನಿಂತ ಗುಡ್ಡದ ಸಾಲಿನ ಫೋಟೋ ತೆಗೆದೆವು. ಆಮೇಲೆ ಇಳಿಯಲು ಶುರು ಮಾಡಿದೆವು. ಡಾಕ್ಟರ್ ಮುಂದೆ, ನಾನು, ಬೆಟಗೇರಿಯವನು, ಕೊನೆಗೆ ಮಾಸ್ತರ.

ಮಂಜಿನೊಳಗೆ ಇಳಿದ ಮೇಲೆ ಯಾರಿಗೆ ಯಾರೂ ಇಲ್ಲ. ಹತ್ತುವಾಗ ಉಸಿರು ಸಿಕ್ಕಷ್ಟು ಮಾತಾಡುತ್ತಾ ಹೋಗುತ್ತೇವೆ, ಹಿಂದೆ ಬಿದ್ದವನ ಕೂಗು ಕೇಳಿಸುತ್ತದೆ. ಇಳಿಯುವಾಗ ಕಿವಿ ತುಂಬ ಗಾಳಿ, ಕಣ್ಣು ರಸ್ತೆ ಮೇಲೆ. ಹಿಂದಿರುಗಿ ನೋಡಿದರೆ ಸೈಕಲ್ ದಾರಿ ತಪ್ಪುತ್ತದೆ. ಒದ್ದೆ ರಿಮ್ಮಿಗೆ ಬ್ರೇಕ್ ಹಾಕಿದರೆ ಚಕ್ರ ಒಂದೆರಡು ಸುತ್ತು ತಿರುಗಿ ನೀರು ಒರೆಸಿಹೋಗುವವರೆಗೆ ರಬ್ಬರ್ ಕಚ್ಚುವುದೇ ಇಲ್ಲ. ಅದಕ್ಕೆ ತಿರುವಿಗೆ ಬಹಳ ಮೊದಲೇ ಮೆಲ್ಲಗೆ ಬ್ರೇಕ್ ಮುಟ್ಟುತ್ತಾ ಬರಬೇಕು. ಸವಾರ, ಸೈಕಲ್ ಸೇರಿ 80 ಕೆ.ಜಿ. ಅಂತ ಹಿಡಿದರೆ, ಪ್ರತಿ 100 ಮೀಟರ್ ಎತ್ತರ ಇಳಿಯುವಾಗಲೂ 78 ಕಿಲೋಜೂಲ್‌ನಷ್ಟು ಶಕ್ತಿಯನ್ನು ಗಾಳಿ ಮತ್ತು ಬ್ರೇಕ್ ಸೇರಿ ನುಂಗಬೇಕು. ನಿಧಾನ ಇಳಿದಷ್ಟೂ ಬ್ರೇಕಿನ ಪಾಲು ಜಾಸ್ತಿ. ಕೆಳಗೆ ಮುಟ್ಟಿ ರಿಮ್ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಅದನ್ನು ಬಿಸಿ ಮಾಡಿದ ಬೆರಳು ಮರಗಟ್ಟಿರುತ್ತವೆ.

ಕೆಳಗೆ ರಸ್ತೆ ಸಮ ಆಗುವಲ್ಲಿ ಮೂವರೂ ನಿಂತೆವು. ಮಾಸ್ತರ ಬರಲಿಲ್ಲ. ಪಂಕ್ಚರ್ ಇರಬೇಕು ಅಂದುಕೊಂಡೆವು. ಫೋನ್ ಮಾಡಿದೆವು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆವು, ಮತ್ತೆ ರಿಂಗ್ ಆಗಿ ನಿಂತಿತು. ಆಗ ಡಾಕ್ಟರ್ ಏನೂ ಮಾತಾಡದೆ ಸೈಕಲ್ ತಿರುಗಿಸಿ ಏರಲು ಶುರು ಮಾಡಿದ. ಅಷ್ಟು ಭಾರದ ಮನುಷ್ಯ ಅಷ್ಟು ಜೋರಾಗಿ ಏರು ಹತ್ತಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಬಹಳ ದೂರ ಹೋಗಬೇಕಾಗಲಿಲ್ಲ. ಗುಡ್ಡ ಮುಗಿದು ಹೊಲ ಶುರುವಾಗುವ ತಿರುವಿನಲ್ಲಿ, ಗೊಬ್ಬರಕ್ಕೆ ಅಂತ ರಾತ್ರಿ ಕುರಿ ನಿಲ್ಲಿಸಿದ್ದ ಹೊಲದ ಬದುವಿನ ಮೇಲೆ ಅವನು ಕುಳಿತಿದ್ದ. ಮೈತುಂಬ ಕರಿ ಕಂಬಳಿ. ಎರಡೂ ಕೈ ಕಂಕುಳಲ್ಲಿ. ಪಕ್ಕದಲ್ಲಿ ಸೈಕಲ್ ಮಲಗಿತ್ತು. ಫೋನು ಹುಲ್ಲಿನ ಮೇಲೆ ಬಿದ್ದಿತ್ತು.

"ಬೆರಳು ಮಡಚವಲ್ಲವು ಲೇ. ಬ್ರೇಕ್ ಹಿಡಿಯಾಕ ಆಗ್ಲಿಲ್ಲ. ಕಾಲು ನೆಲಕ್ಕ ಎಳಕೋತ ನಿಲ್ಲಿಸಿದೆ" ಅಂದ. ತುಟಿ ನೆಟ್ಟಗೆ ಆಡುತ್ತಿರಲಿಲ್ಲ. ಫೋನ್ ಬಂದದ್ದು ಗೊತ್ತಾಗಿತ್ತಂತೆ. ಬೆರಳು ಪರದೆ ಮೇಲೆ ಇಟ್ಟರೂ ಏನೂ ಆಗಲಿಲ್ಲವಂತೆ. ಚಳಿಗೆ ಮೈ ಮೊದಲು ಕೈಕಾಲಿನ ರಕ್ತ ಕಡಿಮೆ ಮಾಡಿ ಎದೆಹೊಟ್ಟೆಯನ್ನು ಕಾಯ್ದುಕೊಳ್ಳುತ್ತದೆ. ಜೀವ ಉಳಿಯಲು ಅದು ಸರಿ. ಆದರೆ ಇಳಿಜಾರಿನಲ್ಲಿ ಇರುವ ಸೈಕಲ್ ಸವಾರನ ಜೀವ ಅವನ ನಾಲ್ಕು ಬೆರಳಿನಲ್ಲೇ ಇರುತ್ತದೆ.

ಅಜ್ಜ ಅಲ್ಲೇ ನಿಂತಿದ್ದರು. ಹೆಗಲ ಮೇಲೆ ಇನ್ನೊಂದು ಕಂಬಳಿ. ಮಾಸ್ತರನ ಮೈಮೇಲಿನ ನೈಲಾನ್ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇಷ್ಟು ತೆಳ್ಳನ್ನ ಅಂಗಿ ಹಾಕ್ಕೊಂಡ್ ಗುಡ್ಡಕ್ಕ ಬರ್ತಾರೇನ್ ತಮ್ಮಾ? ಅದು ಹೋಗ್ಲಿ. ಮ್ಯಾಲೆ ಎಷ್ಟೊತ್ತು ನಿಂತಿದ್ದಿ?"

"ಭಾಳ ಹೊತ್ತು ಅಜ್ಜಾರ. ಇವರು ಬರೂತನಕ."

"ಬೆವತ ಮೈ ತಗೊಂಡು ಗಾಳ್ಯಾಗ ನಿಂದ್ರಬಾರ್ದು. ಕುರಿನೂ ನಿಲ್ಲಂಗಿಲ್ಲ. ಗುಡ್ಡದ ಮರೆಗೆ ಹೋಗ್ತಾವ."

ಡಾಕ್ಟರ್ ತಲೆ ಅಲ್ಲಾಡಿಸಿದ. ಉಣ್ಣೆ ಕತ್ತರಿಸಿದ ಹೊಸದರಲ್ಲಿ ಕುರಿಗಳನ್ನು ಗಾಳಿಗೆ, ಮಳೆಗೆ ಬಿಡಬೇಡಿ ಅಂತ ಅವನೇ ಊರೂರು ತಿರುಗಿ ಹೇಳುತ್ತಾನೆ. ಅಂಥ ಕುರಿ ಒಂದೇ ರಾತ್ರಿಯಲ್ಲಿ ಸಾಯಬಹುದು. ಆಮೇಲೆ ದಾರಿಯುದ್ದ ಅವನು ಅದನ್ನೇ ಯೋಚಿಸುತ್ತಿದ್ದ ಅಂತ ಕಾಣುತ್ತದೆ. ಡಂಬಳದ ಅಂಗಡಿಯಲ್ಲಿ ಮಿರ್ಚಿ, ಚಾ ಮುಂದಿಟ್ಟುಕೊಂಡು ಕುಳಿತಾಗ ಮೆಲ್ಲಗೆ ಹೇಳಿದ: "ಮಾಸ್ತರ ಮ್ಯಾಲೆ ನಿಂತು ಆರಿದ್ದು ನನ್ನ ಸಲುವಾಗಿ." ಬೆರಳಿಗೆ ರಕ್ತ ಮರಳಿ ಬರುವ ನೋವಿಗೆ ಮಾಸ್ತರನ ಕಣ್ಣಲ್ಲಿ ನೀರು ಬಂದಿತ್ತು. ಆ ನೋವು ಅನುಭವಿಸಿದವರಿಗೇ ಗೊತ್ತು.

ಅಲ್ಲಿ ಕುಳಿತು ಲೆಕ್ಕ ಹಾಕಿದರೆ ಎಲ್ಲ ಹೊಂದಿಕೊಂಡಿತು. ಮೊದಲು ಹತ್ತಿದವನು ಹೆಚ್ಚು ಹೊತ್ತು ಕಾಯುತ್ತಾನೆ. ಹೆಚ್ಚು ಕಾಯ್ದವನ ಒದ್ದೆ ಅಂಗಿ ಗಾಳಿಗೆ ಹೆಚ್ಚು ಆರುತ್ತದೆ, ಮೈಯ ಬಿಸಿಯನ್ನು ತೆಗೆದುಕೊಂಡೇ ಆರುತ್ತದೆ. ಸಣ್ಣ ಮೈಯಲ್ಲಿ ಬಿಸಿ ಕೂಡಿಡುವ ಮಾಂಸ ಕಡಿಮೆ. ಆ ತಣ್ಣಗಾದ ಮೈ ಹೊತ್ತು ಅವನು ಎಲ್ಲರಿಗಿಂತ ನಿಧಾನ ಇಳಿಯುತ್ತಾನೆ, ಅಂದರೆ ಮಂಜಿನೊಳಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಇರುತ್ತಾನೆ. ಕೊನೆಯಲ್ಲಿ ಇರುವುದರಿಂದ ಅವನಿಗೆ ಏನಾದರೂ ಮುಂದಿನ ಮೂವರಲ್ಲಿ ಒಬ್ಬನಿಗೂ ಕಾಣುವುದಿಲ್ಲ. ಡಾಕ್ಟರನದು ಇದರ ಪೂರಾ ಉಲ್ಟಾ. ಕೊನೆಗೆ ಬರುತ್ತಾನೆ, ಮೈ ಬಿಸಿ ಇರುವಾಗಲೇ ಹೊರಡುತ್ತಾನೆ, ಬೇಗ ಕೆಳಗೆ ಮುಟ್ಟುತ್ತಾನೆ. ಗೆಳೆಯನಿಗಾಗಿ ಕಾಯುವುದು ಒಳ್ಳೆಯದು ಅಂತ ನಮ್ಮೆಲ್ಲರ ಮನಸ್ಸಿನಲ್ಲೂ ಇದೆ. ಆ ಒಳ್ಳೆಯತನದ ಪೂರ್ತಿ ಖರ್ಚು ಒಬ್ಬನ ಮೈಮೇಲೆ ಬೀಳುತ್ತಿತ್ತು, ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಾಕಾನ ಪೇಪರ್

ಅಜ್ಜನ ಕಂಬಳಿ ನೋಡಿದಾಗ ನನಗೆ ನಮ್ಮ ಕಾಕಾ ನೆನಪಾದರು. ಅವರು ಹುಬ್ಬಳ್ಳಿಯ ಗದಗ ರೋಡಿನ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. ಬೆಳಗಿನ ಭೋಂಗಾ ಆಗುವ ಮೊದಲೇ ಗೇಟಿನ ಹತ್ತಿರ ಇರಬೇಕು. ಚಳಿಗಾಲದಲ್ಲಿ ಮಂಕಿ ಕ್ಯಾಪ್ ಹಾಕಿ, ಮಫ್ಲರ್ ಸುತ್ತಿ, ಹಿಂದಿನ ದಿನದ ಸಂಯುಕ್ತ ಕರ್ನಾಟಕವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳುತ್ತಿದ್ದರು. ಅದರ ಮೇಲೆ ಗುಂಡಿ ಹಾಕಿ, ಎರಡು ಸಲ ಬಡಿದು ಸರಿ ಮಾಡಿಕೊಂಡು, ಸೈಕಲ್ ಹತ್ತುತ್ತಿದ್ದರು. ಯಾಕ ಕಾಕಾ ಅಂತ ಕೇಳಿದರೆ "ಗಾಳಿ ಒಳಗ ಹೊಕ್ಕೊಳ್ಳಂಗಿಲ್ಲ" ಅಂತ ಒಂದೇ ಮಾತು. ಸಂಜೆ ಆ ಪೇಪರ್ ಮೆತ್ತಗಾಗಿ ವಾಪಸ್ ಬರುತ್ತಿತ್ತು. ಕಾಕೂ ಅದನ್ನು ಒಲೆಗೆ ಹಾಕುತ್ತಿದ್ದರು.

ಟೂರ್ ಡಿ ಫ್ರಾನ್ಸ್‌ನ ಸವಾರರೂ ಇದನ್ನೇ ಮಾಡುತ್ತಿದ್ದರು ಅಂತ ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಆಲ್ಪ್ಸ್ ಘಟ್ಟದ ತುದಿಯಲ್ಲಿ ರಸ್ತೆ ಬದಿ ನಿಂತವರಿಂದ ಪೇಪರ್ ಈಸಿಕೊಂಡು, ಓಡುವ ಸೈಕಲ್ ಮೇಲೆಯೇ ಅಂಗಿಯೊಳಗೆ ತುರುಕಿಕೊಂಡು ಇಳಿಯುತ್ತಿದ್ದರು. ನನಗೆ ಆಗ ಎಷ್ಟು ಹೆಮ್ಮೆ ಅನಿಸಿತು! ಕಾಕಾ ಯಾವ ಘಟ್ಟವನ್ನೂ ಹತ್ತಿದವರಲ್ಲ. ಆದರೆ ಎದೆಗೆ ಬಡಿಯುವ ಗಾಳಿಯನ್ನು ಓದಿಕೊಂಡಿದ್ದರು. ಪೇಪರ್ ಗಾಳಿ ತಡೆಯುತ್ತದೆ, ಮಡಿಕೆಗಳ ನಡುವೆ ಸ್ವಲ್ಪ ಬೆಚ್ಚನೆ ಗಾಳಿ ಹಿಡಿದಿಡುತ್ತದೆ, ಒಂದಿಷ್ಟು ಬೆವರನ್ನೂ ಕುಡಿಯುತ್ತದೆ. ಇಷ್ಟು ಸಸ್ತಾ ಜಾಕೆಟ್ ಬೇರೆ ಎಲ್ಲಿ ಸಿಗುತ್ತದೆ?

ಕಂಬಳಿಯ ಗುಣ ಇನ್ನೂ ದೊಡ್ಡದು. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ನೇಯ್ದಾದ ಮೇಲೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡುತ್ತಾರೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಬಿಸಿಯನ್ನೆಲ್ಲ ಎಳೆಯುತ್ತದೆ. ಉಣ್ಣೆ ಅರ್ಧ ಒದ್ದೆಯಾದರೂ ತನ್ನೊಳಗಿನ ಗಾಳಿ ಬಿಟ್ಟುಕೊಡುವುದಿಲ್ಲ. ಇಬ್ಬನಿಯಲ್ಲಿ ರಾತ್ರಿಯೆಲ್ಲ ಹೊಲದಲ್ಲಿ ಮಲಗುವವರಿಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಹಾವೇರಿ ಜಿಲ್ಲೆಯ ಮೇಡ್ಲೇರಿಯಂಥ ಊರುಗಳಲ್ಲಿ ಇನ್ನೂ ಕಂಬಳಿ ನೇಯುತ್ತಾರೆ. ಆದರೆ ಕೊಳ್ಳುವವರು ಕಡಿಮೆ. ಅಂಗಡಿಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹೊರದೇಶದ ಉಣ್ಣೆ ಬನಿಯನ್ ತರಿಸುವ ನಮ್ಮಂಥ ಸೈಕಲ್ ಜನ ಒಂದು ಸಲ ಅಲ್ಲಿಗೂ ಹೋಗಿ ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಕಂಬಳಿ ಹೊದ್ದು ಸೈಕಲ್ ಹೊಡೆಯಲು ಆಗುವುದಿಲ್ಲ, ನಿಜ. ಅದೇ ಉಣ್ಣೆಯಲ್ಲಿ ಒಂದು ತೋಳಿಲ್ಲದ ಅಂಗಿ, ಒಂದು ಜೊತೆ ಕೈಗವಸು ಯಾರಾದರೂ ಮಾಡಿದರೆ ಮೊದಲು ಕೊಳ್ಳುವವರು ನಾವು ನಾಲ್ವರು.

ಈಗಿನ ರೀತಿ

ಈಗ ಮಾಸ್ತರ ತುದಿಯಲ್ಲಿ ನಿಲ್ಲುವುದಿಲ್ಲ. ಮೇಲೆ ಮುಟ್ಟಿದವನೇ ತಿರುಗಿ ನಮ್ಮ ಕಡೆ ಇಳಿದು ಬರುತ್ತಾನೆ, ಡಾಕ್ಟರ್ ಸಿಕ್ಕಲ್ಲಿ ಸಿಕ್ಕು ಅವನ ಜೊತೆ ಮತ್ತೆ ಹತ್ತುತ್ತಾನೆ. ಅವನ ಮೈಯೂ ಆರುವುದಿಲ್ಲ, ಡಾಕ್ಟರಿಗೂ ಏರಿನ ಕೊನೆಯ ಭಾಗದಲ್ಲಿ ಮಾತಿಗೆ ಜೊತೆ ಸಿಗುತ್ತದೆ. ಬುತ್ತಿ ಬಿಚ್ಚುವುದು ಈಗ ಗುಡ್ಡದ ಮರೆಯಲ್ಲಿ, ಗಾಳಿ ತಾಗದ ಕಡೆ. ಒದ್ದೆ ಬನಿಯನ್ ತೆಗೆದು ಒಣ ಬನಿಯನ್ ಹಾಕಿಕೊಂಡ ಮೇಲೆಯೇ ಊಟ. ಹೊರಡುವ ಮೊದಲು ಎಲ್ಲರ ಎದೆಗೂ ಪೇಪರ್. ಇಳಿದ ಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತೇವೆ, ಕಾಡಿನಲ್ಲಿ ಬಿಡುವುದಿಲ್ಲ.

ಇಳಿಯುವ ಸಾಲು ಮಾತ್ರ ಸುಲಭವಾಗಿ ಬಗೆಹರಿಯಲಿಲ್ಲ. ಹಗುರ ಇದ್ದವನು ಮುಂದೆ, ಭಾರ ಇದ್ದವನು ಹಿಂದೆ ಅಂತ ಮಾಡಿದೆವು. ಆಗ ನಿಧಾನ ಇಳಿಯುವವನು ಎಲ್ಲರ ಕಣ್ಣೆದುರು ಇರುತ್ತಾನೆ. ಆದರೆ ಡಾಕ್ಟರಿಗೆ ಇದು ನಿಜಕ್ಕೂ ಕಷ್ಟ. ತೊಂಬತ್ತು ಕೆ.ಜಿ. ಮೈಯನ್ನು ಮಾಸ್ತರನ ವೇಗಕ್ಕೆ ಹಿಡಿದಿಡಬೇಕೆಂದರೆ ಉದ್ದಕ್ಕೂ ಬ್ರೇಕ್ ಒತ್ತಬೇಕು. ಬೆರಳು ನೋಯುತ್ತವೆ, ರಬ್ಬರ್ ಸವೆಯುತ್ತದೆ. ಕೊನೆಗೆ ಅವನು ಡಿಸ್ಕ್ ಬ್ರೇಕಿನ ಸೈಕಲ್ ಕೊಂಡ. ಈಗ ಪ್ರತಿ ತಿರುವಿನಲ್ಲೂ ನಿಂತು, ಮುಂದಿನವನಿಗೆ ಒಂದು ತಿರುವಿನ ಅಂತರ ಬಿಟ್ಟು ಹೊರಡುತ್ತಾನೆ. ತಿರುವಿನಲ್ಲಿ ಮಾಸ್ತರ ನಿಂತು ಕೈ ಎತ್ತುತ್ತಾನೆ, ಐದೂ ಬೆರಳು ಒಮ್ಮೆ ಮಡಚಿ ಬಿಚ್ಚಿ ತೋರಿಸುತ್ತಾನೆ. ಬೆರಳು ಆಡುತ್ತಿವೆ, ಹೋಗೋಣ ಅಂತ. ಮಂಜು ದಟ್ಟ ಇದ್ದರೆ ಸೀಟಿ ಊದುತ್ತಾನೆ, ಶಾಲೆಯ ಪಿ.ಟಿ. ಸೀಟಿ.

ಈ ಸಲ ಮಾಸ್ತರನ ಮಗಳೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಎಂಟನೇ ಕ್ಲಾಸು, ನಮ್ಮೆಲ್ಲರಿಗಿಂತ ಹಗುರ. ಆಗಲೇ ಅಪ್ಪನನ್ನು ಏರಿನಲ್ಲಿ ಹಿಂದೆ ಹಾಕುತ್ತಾಳೆ ಅಂತ ಸುದ್ದಿ. ನಮ್ಮ ಲೆಕ್ಕದ ಪ್ರಕಾರ ಇಳಿಯುವಾಗ ಅವಳೇ ಎಲ್ಲರಿಗಿಂತ ಮುಂದೆ ಇರಬೇಕು. ಮಂಜಿನೊಳಗೆ ಮಗಳು ಮೊದಲು ಹೋಗುವುದು ಮಾಸ್ತರನಿಗೆ ಸುತಾರಾಂ ಒಪ್ಪಿಗೆ ಇಲ್ಲ. ಅವಳು ಕೇಳುವುದು ಒಂದೇ ಪ್ರಶ್ನೆ: "ಹಿಂದ ಇಟ್ಟರ ನಾ ಬಿದ್ದಿದ್ದು ನಿಮಗ ಹೆಂಗ್ ಗೊತ್ತಾಗ್ತೈತಿ ಅಪ್ಪಾ?" ಡಾಕ್ಟರ್ ಅವಳ ಕಡೆ. ಬೆಟಗೇರಿಯವನು ಮಾಸ್ತರನ ಕಡೆ. ನಾನು ಸದ್ಯಕ್ಕೆ ಅವಳ ಕೈಗೆ ಹಿಡಿಸುವ ಉಣ್ಣೆ ಕೈಗವಸು ಹುಡುಕುತ್ತಾ ದುರ್ಗದಬೈಲಿನ ಸುತ್ತಮುತ್ತ ಅಂಗಡಿ ಅಂಗಡಿ ತಿರುಗುತ್ತಿದ್ದೇನೆ. ಎಲ್ಲ ದೊಡ್ಡವರ ಸೈಜೇ ಸಿಗುತ್ತಿವೆ. ಬೆಟಗೇರಿ ಗೆಳೆಯನ ಅವ್ವ ಹೆಣೆದು ಕೊಡುತ್ತೇನೆ ಅಂದಿದ್ದಾರೆ, ಅಳತೆ ಕಳಿಸಬೇಕು.